ಹಳೆ ಗ್ಯಾರೇಜ್ ಜಾಗದಲ್ಲಿ ಮೆಂತ್ಯ ಹಾಕುವ ಪ್ರಶ್ನೆಗೆ

ಮೊದಲು ಗ್ಯಾರೇಜ್ ಇದ್ದ ವಿಜಯಪುರದ ನಿಮ್ಮ ಹಿತ್ತಲಿನಲ್ಲಿ ಮೆಂತ್ಯ ಬೆಳೆದು ತಿನ್ನಬಹುದಾ ಅಂತ ಕೇಳಿದ್ದೀರಿ. ಬ್ಯಾಟರಿ ಬಿಚ್ಚುತ್ತಿದ್ದ ಗ್ಯಾರೇಜ್ ಅಂದರೆ ಮೊದಲ ಅನುಮಾನ ಸೀಸದ ಮೇಲೆ, ಅದು ಬ್ಯಾಟರಿಯೊಳಗಿನ ವಿಷಕಾರಿ ಲೋಹ. ಸುಟ್ಟ ಆಯಿಲ್, ಟೈರ್ ಪುಡಿಯಿಂದ ಸತು, ಕ್ಯಾಡ್ಮಿಯಂನಂಥ ಲೋಹಗಳೂ ಸೇರಿರಬಹುದು. ಕಣ್ಣಿಗೆ ಗೊತ್ತಾಗಲ್ಲ, ಪರೀಕ್ಷೆ ಮಾಡಿಸಲೇಬೇಕು.

ನಿಮ್ಮ ಹತ್ತಿರ ಇರೋ ಮಣ್ಣು ಆರೋಗ್ಯ ಕಾರ್ಡನ್ನು (ಮಣ್ಣಿನ ಪೋಷಕಾಂಶ ತಿಳಿಸುವ ಸರ್ಕಾರಿ ವರದಿ) ನಂಬಿ ಕೂರಬೇಡಿ, ಅದರಲ್ಲಿ ಸಾರಜನಕ, ರಂಜಕ, ಸತು ಎಲ್ಲ ಬರುತ್ತೆ, ಸೀಸ ಬರಲ್ಲ. ಹಿತ್ತಲಿನ ಏಳೆಂಟು ಕಡೆ ಮೇಲಿನ 15 ಸೆಂ.ಮೀ. ಮಣ್ಣು ತೆಗೆದು ಬೆರೆಸಿ. ಆಯಿಲ್ ಬಿದ್ದು ಕಪ್ಪಾದ ಜಾಗದ್ದು, ಬ್ಯಾಟರಿ ಇಡುತ್ತಿದ್ದ ಮೂಲೆಯದ್ದು ಬೇರೆ ಬೇರೆ ಚೀಲಕ್ಕೆ ಹಾಕಿ, ಬೆರೆಸಿದರೆ ಕೆಟ್ಟ ಜಾಗ ಯಾವುದು ಅಂತ ಮುಚ್ಚಿಹೋಗುತ್ತೆ. ಲ್ಯಾಬಿಗೆ ಕೊಡುವಾಗ ಸೀಸ, ಕ್ಯಾಡ್ಮಿಯಂ ಅಂತ ಬಾಯಿಬಿಟ್ಟು ಹೇಳಿ. ಆ ಪರೀಕ್ಷೆ ಮಾಡ್ತೀರಾ ಅಂತ ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ.

ವಿಜಯಪುರದ ಎರೆಮಣ್ಣು ಕ್ಷಾರ ಜಾಸ್ತಿ ಇರೋದರಿಂದ ಸೀಸವನ್ನು ಹಿಡಿದಿಟ್ಟುಕೊಳ್ಳುತ್ತೆ, ಗಿಡಕ್ಕೆ ಸುಲಭವಾಗಿ ಬಿಡಲ್ಲ. ಆದರೆ ಧೂಳು ಸೊಪ್ಪಿಗೆ ಅಂಟುತ್ತೆ, ಮಕ್ಕಳ ಕೈಯಿಂದ ಬಾಯಿಗೆ ಹೋಗುತ್ತೆ, ನನಗೆ ಜಾಸ್ತಿ ಭಯ ಅದೇ. ಅಲ್ಲಿ ಮಕ್ಕಳನ್ನು ಆಡಲು ಬಿಡಬೇಡಿ.

ವರದಿ ಬರೋವರೆಗೆ ಮೆಂತ್ಯ, ಮೂಲಂಗಿ, ಗಜ್ಜರಿ ಬೇಡವೇ ಬೇಡ. ತಿನ್ನಲೇಬೇಕು ಅಂದರೆ ಹೊರಗಿನ ಮಣ್ಣು, ತಿಪ್ಪೆಗೊಬ್ಬರ ತುಂಬಿದ ದೊಡ್ಡ ಕುಂಡದಲ್ಲಿ ಬೆಳೆಯಿರಿ. ವರದಿ ಬಂದ ಮೇಲೆ ಅಂಕಿ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.