ಗ್ಯಾಲಕ್ಟೋಸ್ ಹಾಕಿದರೂ ಯೀಸ್ಟಿನ ಜೀನ್ ಏಕೆ ಏಳುತ್ತಿಲ್ಲ?

ನಿಮ್ಮ ಪ್ರಶ್ನೆ: ಶಿವಮೊಗ್ಗದಲ್ಲಿ ಎಂಎಸ್ಸಿ ಪ್ರಾಜೆಕ್ಟು, ಗ್ಯಾಲ್1 ಜೀನಿನ ಪ್ರಮೋಟರಿಗೆ (ಜೀನನ್ನು ಶುರುಮಾಡುವ ಡಿಎನ್‌ಎ ತುಣುಕು) ಲ್ಯಾಕ್‌ಝಡ್ ಎಂಬ ಗುರುತಿನ ಜೀನ್ ಜೋಡಿಸಿದ ಯೀಸ್ಟು. ರಾತ್ರಿಯಿಡೀ ವೈಪಿಡಿಯಲ್ಲಿ (ಗ್ಲೂಕೋಸ್ ಇರುವ ಮಾಧ್ಯಮ) ಬೆಳೆಸಿ ಬೆಳಿಗ್ಗೆ ಗ್ಯಾಲಕ್ಟೋಸ್ ಸುರಿದರೆ ಎರಡು ಗಂಟೆಯಾದರೂ ಒಎನ್‌ಪಿಜಿ (ಲ್ಯಾಕ್‌ಝಡ್ ಕಿಣ್ವವನ್ನು ತೋರಿಸುವ ರಾಸಾಯನಿಕ) ಹಳದಿಯಾಗುವುದಿಲ್ಲ. ಸಕ್ಕರೆ ಗ್ಯಾಲ್4ಗೆ (ಗ್ಯಾಲ್ ಜೀನುಗಳನ್ನು ಎಬ್ಬಿಸುವ ಪ್ರೋಟೀನು) ಅಂಟುತ್ತಿಲ್ಲವೇ?

ಅದು ಅಂಟುವುದೇ ಇಲ್ಲ. ಗ್ಯಾಲ್ ಜೀನುಗಳನ್ನು ಎಬ್ಬಿಸದ, ಒತ್ತಿಯೂ ಹಿಡಿಯದ ರಾಫಿನೋಸ್ ಸಕ್ಕರೆಯಲ್ಲಿ ಬೆಳೆಯುವಾಗಲೇ ಗ್ಯಾಲ್4 ಡಿಎನ್‌ಎ ಮೇಲೆ ಕೂತಿರುತ್ತದೆ. ಜೀನನ್ನು ಎಬ್ಬಿಸುವ ಅದರ ಚುರುಕು ಭಾಗವನ್ನು ಗ್ಯಾಲ್80 ಎಂಬ ಇನ್ನೊಂದು ಪ್ರೋಟೀನು ಮುಚ್ಚಿಕೊಂಡಿರುತ್ತದೆ, ನಮ್ಮ ಮನೆ ಮುಂದಿನ ಉಣುಗೋಲಿನ ಹಾಗೆ. ಗ್ಯಾಲಕ್ಟೋಸ್ ಮತ್ತು ಎಟಿಪಿ ಅಂಟುವುದು ಗ್ಯಾಲ್3 ಎಂಬ ಮೂರನೇ ಪ್ರೋಟೀನಿಗೆ. ಹಾಗೆ ಅಂಟಿಸಿಕೊಂಡ ಗ್ಯಾಲ್3 ಹೋಗಿ ಗ್ಯಾಲ್80ಯನ್ನು ಹಿಡಿಯುತ್ತದೆ, ಆಗ ದಾರಿ ತೆರವು.

ಸಣ್ಣ ಅಣು ನೇರವಾಗಿ ಅಂಟುವ ಉದಾಹರಣೆ ಬೇಕಿದ್ದರೆ ಯೀಸ್ಟಿನದೇ ಇನ್ನೆರಡು ಜೀನ್ ಎಬ್ಬಿಸುವ ಪ್ರೋಟೀನುಗಳಿವೆ: ಪುಟ್3 ನೋಡಿ, ಅದಕ್ಕೆ ಅಂಟುವುದು ಪ್ರೋಲೀನ್. ಲ್ಯೂ3ಗೆ ಆಲ್ಫಾ ಐಸೊಪ್ರೊಪೈಲ್‌ಮಾಲೇಟ್. ಅದಿಲ್ಲದಾಗ ಲ್ಯೂ3 ಜೀನನ್ನು ತಡೆಯುತ್ತದೆ ಕೂಡ. ಮಾಧ್ಯಮಕ್ಕೆ ಲ್ಯೂಸಿನ್ ಧಾರಾಳ ಹಾಕಿದರೆ ಆ ಅಣುವನ್ನು ಮಾಡುವ ಕಿಣ್ವವೇ ಮಂಕಾಗುತ್ತದೆ.

ನಿಮ್ಮಲ್ಲಿ ತಪ್ಪಿರುವುದು ವೈಪಿಡಿಯಲ್ಲಿ. ಅದರ 2% ಗ್ಲೂಕೋಸ್ ಉಳಿದಿರುವಷ್ಟು ಹೊತ್ತು ಮಿಗ್1 ಎಂಬ ತಡೆ ಪ್ರೋಟೀನು ಗ್ಯಾಲ್1 ಮತ್ತು ಗ್ಯಾಲ್4 ಎರಡೂ ಜೀನುಗಳನ್ನು ಒತ್ತಿ ಹಿಡಿಯುತ್ತದೆ, ಗ್ಯಾಲಕ್ಟೋಸನ್ನು ಒಳಗೆ ಬಿಡುವ ಗ್ಯಾಲ್2ವೂ ಇರುವುದಿಲ್ಲ. ಗ್ಲೂಕೋಸ್ ತೊಳೆದು ಹಾಕಿದರೂ ಚೇತರಿಕೆಗೆ ಗಂಟೆಗಟ್ಟಲೆ ಬೇಕು. ಬದಲಿಗೆ ಕೋಶಗಳನ್ನು ಕ್ರಿಮಿರಹಿತ ನೀರಿನಲ್ಲಿ ಎರಡು ಸಲ ತೊಳೆದು, 2% ರಾಫಿನೋಸಿನಲ್ಲಿ 30 ಡಿಗ್ರಿಯಲ್ಲಿ ರಾತ್ರಿ ಬೆಳೆಸಿ. ಬೆಳಿಗ್ಗೆ ತೆಳು ಮಾಡಿ, ಒ.ಡಿ. (ಕೋಶಗಳ ದಟ್ಟಣೆ ತೋರಿಸುವ ಮಬ್ಬಿನ ಅಳತೆ) 0.5 ಮುಟ್ಟಿದಾಗ 45 ಎಂಎಲ್‌ಗೆ 20% ಗ್ಯಾಲಕ್ಟೋಸ್ 5 ಎಂಎಲ್ ಸೇರಿಸಿ. ಆ ದ್ರಾವಣವನ್ನು ಆಟೋಕ್ಲೇವ್ ಮಾಡಬೇಡಿ, 0.2 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ. ಅಗ್ಗದ ಗ್ಯಾಲಕ್ಟೋಸ್ ಪುಡಿಯಲ್ಲಿ ಗ್ಲೂಕೋಸ್ ಬೆರಕೆ ಇದ್ದರೆ ಮತ್ತೆ ಅದೇ ಕಥೆ. ಮಳೆಗಾಲದಲ್ಲಿ ಕರೆಂಟು ಹೋಗಿ ಶೇಕರ್ ತಣ್ಣಗಾದರೆ ಗಡಿಯಾರ ನಂಬಬೇಡಿ, ಒ.ಡಿ. ನೋಡಿ.

ತಳಿಯನ್ನೂ ವಿಚಾರಿಸಿ: ಮೂಲ ಎಸ್288ಸಿಯಲ್ಲಿ ಗ್ಯಾಲ್2 ಕೆಟ್ಟಿದೆ, ಬಿವೈ4741ರಲ್ಲಿ ಸರಿಯಿದೆ.

ಇಷ್ಟಾದರೂ ಹಳದಿ ಬರದಿದ್ದರೆ ಆ ಜೋಡಿಸಿದ ಜೀನ್ ಹೊತ್ತ ಪ್ಲಾಸ್ಮಿಡ್ಡನ್ನು (ಡಿಎನ್‌ಎ ಉಂಗುರ) ಗ್ಯಾಲ್80 ಅಳಿಸಿದ ತಳಿಗೆ ಹಾಕಿ, ಬರೀ ರಾಫಿನೋಸಿನಲ್ಲಿ ಬೆಳೆಸಿ. ಅಲ್ಲಿ ಹಳದಿ ಬಂದರೆ ಪ್ಲಾಸ್ಮಿಡ್ ಸರಿ, ತೊಡಕು ಗ್ಯಾಲ್2 ಅಥವಾ ಗ್ಯಾಲ್3 ಕಡೆ. ಬಾರದಿದ್ದರೆ ಪ್ರಮೋಟರನ್ನೇ ಸೀಕ್ವೆನ್ಸ್ ಮಾಡಿಸಿ.