ಹಾಡು ನಿಲ್ಲಿಸಿ, ಬಾಯಿ ಬಿಡಿ

ಹಾಸನದಿಂದ ಬರೆದ ತಮ್ಮಾ, ನಿಮ್ಮ ಪತ್ರ ಓದಿದ ಮೇಲೆ ಈ ವಾರದ ಉಳಿದ ಪತ್ರಗಳನ್ನು ಬದಿಗಿಟ್ಟೆ.

ವಿಜ್ಞಾನದಲ್ಲಿ ಪಿಯುಸಿ ಮುಗಿದಿದೆ, ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬಂದಿಲ್ಲ. ಬಸ್ ನಿರ್ವಾಹಕರಾದ ತಂದೆ ಸಾಲ ಮಾಡಿಯಾದರೂ ಎಂಜಿನಿಯರಿಂಗ್ ಓದಿಸುತ್ತೇನೆ ಎನ್ನುತ್ತಿದ್ದಾರೆ. ನಿಮಗೆ ಜಾದೂಗಾರನಾಗುವ ಆಸೆ, ಅದಕ್ಕೆ ಯಾವ ಕೋರ್ಸ್ ಸೇರಬೇಕೆಂಬ ಪ್ರಶ್ನೆ. ನಡುವೆ ಗೃಹಪ್ರವೇಶವೊಂದರಲ್ಲಿ ನೀವು ನಾಣ್ಯದ ಆಟ ತೋರಿಸುತ್ತಿದ್ದಾಗ ಸೋದರಮಾವ ನೂರು ಜನರೆದುರು ನಿಮ್ಮ ಮುಷ್ಟಿ ಬಿಡಿಸಿ, ಅಡಗಿಸಿದ್ದ ನಾಣ್ಯ ತೋರಿಸಿ ನಕ್ಕರು.

ತಂದೆಯ ಮೇಲೆ ನನಗೆ ಬೇಸರವಿಲ್ಲ. ಸಾಲ ತೀರಿಸಬೇಕಾದವರು ಅವರು, ಹೆದರುವುದು ಸಹಜ. ಆದರೆ ಆ ಮಾವ ಮಾಡಿದ್ದು ಕ್ರೌರ್ಯ. ಕಲಿಯುತ್ತಿರುವ ಹುಡುಗನ ಕೈಯನ್ನು ಬಲವಂತವಾಗಿ ಬಿಡಿಸುವ ಹಕ್ಕು ಯಾವ ನೆಂಟನಿಗೂ ಇಲ್ಲ. ಓದಿನ ವಿಚಾರದಲ್ಲಿ ಅವರ ಅಭಿಪ್ರಾಯ ಕೇಳುವುದನ್ನು ಇಂದೇ ಬಿಡಿ.

ನೀವು ಕೊನೆಯಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ ಸಂಗತಿ ಮಾತ್ರ ನನ್ನನ್ನು ಕಾಡುತ್ತಿದೆ: ‘ಜನರೆದುರು ಮಾತು ತೊದಲುತ್ತದೆ, ಹಾಗಾಗಿ ಮೊಬೈಲಿನಲ್ಲಿ ಹಾಡು ಹಾಕಿಕೊಂಡು ಮಾಡುತ್ತೇನೆ.’ ನಿಮ್ಮ ನಿಜವಾದ ಪ್ರಶ್ನೆ ಇದೇ. ನಾಣ್ಯವನ್ನು ಎಡಗೈಗೆ ಕೊಟ್ಟಂತೆ ನಟಿಸಿದ ಮೇಲೆ, ಹೆಬ್ಬೆರಳ ಬುಡದ ಮಾಂಸದಲ್ಲಿ ಅದನ್ನು ಸಿಕ್ಕಿಸಿಕೊಂಡ ಬಲಗೈ ಸಡಿಲವಾಗಿ ಕೆಳಗಿಳಿಯುವಾಗ ನಿಮ್ಮ ಕಣ್ಣು ಖಾಲಿ ಎಡಮುಷ್ಟಿಯ ಮೇಲಿರಬೇಕು, ಬಾಯಿ ಎದುರಿನ ಮಗುವಿನ ಹೆಸರು ಕೇಳುತ್ತಿರಬೇಕು. ಆ ಕ್ಷಣದಲ್ಲಿ ನಾಣ್ಯವನ್ನು ಮರೆಸುವುದು ಬೆರಳಿಗಿಂತ ಹೆಚ್ಚಾಗಿ ಮಾತು ಮತ್ತು ನೋಟ. ಗೃಹಪ್ರವೇಶದಲ್ಲಿ ನೀವು ಬಲಗೈಯನ್ನೇ ನೋಡುತ್ತಿದ್ದಿರಬೇಕು, ಮಾವನೂ ಅದನ್ನೇ ನೋಡಿದರು.

ಮಾತಿಲ್ಲದ ಜಾದೂಗಾರರು ಇಲ್ಲವೇ ಎನ್ನಬಹುದು. ಅಮೆರಿಕದ ಟೆಲ್ಲರ್ ವೇದಿಕೆಯಲ್ಲಿ ಮೌನವಾಗಿಯೇ ಇರುತ್ತಾರೆ. ಆದರೆ ಅವರು ಮೊದಲು ಶಾಲೆಯಲ್ಲಿ ಲ್ಯಾಟಿನ್ ಪಾಠ ಮಾಡುತ್ತಿದ್ದವರು. ಮೌನವನ್ನು ಆರಿಸಿಕೊಂಡರು, ಹೆದರಿ ಅದರೊಳಗೆ ಅಡಗಲಿಲ್ಲ. ಜೊತೆಗಾರ ಪೆನ್ ಇಬ್ಬರ ಪಾಲಿನ ಮಾತನ್ನೂ ಆಡುತ್ತಾರೆ.

ಇನ್ನು ಓದು. ಜಾದೂಗಾರನಿಗೆ ಇಂಥದೇ ಪದವಿ ಬೇಕೆಂದಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಫ್ರಾನ್ಸಿನ ಜಾದೂಗಾರ ರಾಬರ್ಟ್ ಹೂಡಿನ್ ಅವರನ್ನು ತಂದೆ ವಕೀಲನಾಗಿಸಲು ಬಯಸಿದ್ದರು. ಮಗ ಗಡಿಯಾರದ ಕೆಲಸ ಕಲಿತರು, ಆ ಯಂತ್ರಜ್ಞಾನವೇ ರಂಗದ ಮೇಲೆ ಅವರ ಬಲವಾಯಿತು. ತಿರುವನಂತಪುರದಲ್ಲಿ ಜಾದೂಗಾರ ಗೋಪಿನಾಥ್ ಮುತುಕಾಡ್ 1996ರಲ್ಲಿ ಆರಂಭಿಸಿದ ಜಾದೂ ಅಕಾಡೆಮಿ ಇದೆ, ತಂತ್ರಗಳನ್ನು ಅಂಥಲ್ಲಿ ಕಲಿಯಬಹುದು. ನಿಮ್ಮ ಕೊರತೆ ತಂತ್ರದ್ದಲ್ಲ. ಮನಃಶಾಸ್ತ್ರ ಇರುವ ಬಿ.ಎ. ಸೇರಿ, ಕಾಲೇಜಿನ ನಾಟಕ ತಂಡದಲ್ಲಿ ಮೂರು ವರ್ಷ ಮಾತನಾಡಿ, ಆಮೇಲೆ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರಕ್ಕೆ ಅರ್ಜಿ ಹಾಕಿ. ಮನಸ್ಸಿಲ್ಲದ ಎಂಜಿನಿಯರಿಂಗಿಗೆ ತಂದೆಯನ್ನು ಸಾಲಗಾರನನ್ನಾಗಿಸಬೇಡಿ.

ಇದೆಲ್ಲಕ್ಕಿಂತ ಮುಂಚೆ ಒಂದು ಕೆಲಸ ಮಾಡಲೇಬೇಕು. ಬರುವ ಶನಿವಾರ ನೀವು ಓದಿದ ಪ್ರಾಥಮಿಕ ಶಾಲೆಗೆ ಹೋಗಿ ಮುಖ್ಯ ಶಿಕ್ಷಕರಲ್ಲಿ ಹತ್ತು ನಿಮಿಷ ಕೇಳಿ. ಅದೇ ನಾಣ್ಯದ ಆಟ ಮಾಡಿ, ಹಾಡಿಲ್ಲದೆ, ಮಕ್ಕಳ ಜೊತೆ ಕನ್ನಡದಲ್ಲಿ ಮಾತನಾಡುತ್ತಾ. ತೊದಲಿದರೆ ತೊದಲಲಿ, ಮುಂದಿನ ಶನಿವಾರ ಮತ್ತೆ ಹೋಗಿ. ಒಮ್ಮೆ ತಂದೆಯನ್ನೂ ಕರೆದುಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ಕೂರಿಸಿ. ಸಾಲದ ಅರ್ಜಿಗೆ ಸಹಿ ಮಾಡುವುದನ್ನು ಅಲ್ಲಿಯವರೆಗೆ ತಡೆಯಿರೆಂದು ನಾನು ಕೇಳಿಕೊಂಡಿದ್ದೇನೆಂದು ಅವರಿಗೆ ಹೇಳಿ.