ಪದವಿ ಇದ್ದ ಮಾತ್ರಕ್ಕೆ ಜೀವನಾಂಶ ತಪ್ಪುವುದಿಲ್ಲ

ಮಕ್ಕಳಿಗಾಗಿ ಕೆಲಸ ಬಿಟ್ಟು ವರ್ಷಗಳೇ ಕಳೆದಿದ್ದರೂ, ಪದವಿ ಇರುವುದರಿಂದ ವಿಚ್ಛೇದನದಲ್ಲಿ ನಿಮಗೆ ಜೀವನಾಂಶ ಸಿಗದು ಎಂದು ಪತಿ ಹೇಳುತ್ತಿರುವುದು ನಿಜವೇ ಎಂದು ಕೇಳಿದ್ದೀರಿ. ದಯವಿಟ್ಟು ಆ ಮಾತಿಗೆ ಅಂಜಿ ಯಾವ ಒಪ್ಪಂದಕ್ಕೂ ಸಹಿ ಹಾಕಬೇಡಿ. ದುಡಿಯುವ ಸಾಮರ್ಥ್ಯವಿರುವುದು ಬೇರೆ, ನಿಜವಾಗಿ ದುಡಿಯುತ್ತಿರುವುದು ಬೇರೆ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ.

ನಿಮ್ಮ ವಿವಾಹವು 1955ರ ಹಿಂದೂ ವಿವಾಹ ಕಾಯ್ದೆಗೆ ಒಳಪಟ್ಟಿದ್ದರೆ, ಪ್ರಕರಣ ನಡೆಯುತ್ತಿರುವಾಗಲೇ 24ನೇ ಕಲಮಿನಡಿ ಮಧ್ಯಂತರ ಜೀವನಾಂಶವನ್ನೂ ವ್ಯಾಜ್ಯದ ಖರ್ಚನ್ನೂ ಕೇಳಬಹುದು; ಶಾಶ್ವತ ಜೀವನಾಂಶವು 25ನೇ ಕಲಮಿಗೆ ಸೇರಿದ್ದು. ಮೊತ್ತಕ್ಕೆ ಕಾಯ್ದೆಯಲ್ಲಿ ಸಿದ್ಧ ಸೂತ್ರವಿಲ್ಲ. ಸಂಬಳದ ಶೇ 25 ಎಂಬ ಮಾತು 2017ರ ತೀರ್ಪೊಂದರಿಂದ ಹರಡಿದ್ದೇ ಹೊರತು ಎಲ್ಲರಿಗೂ ಅನ್ವಯಿಸುವ ನಿಯಮವಲ್ಲ. ಇಬ್ಬರ ಆದಾಯ, ಆಸ್ತಿ, ಸಾಲ, ವಯಸ್ಸು, ದಾಂಪತ್ಯದ ಅವಧಿ, ಆ ಮನೆಯಲ್ಲಿದ್ದ ಜೀವನಮಟ್ಟ ಇವೆಲ್ಲವನ್ನೂ ನ್ಯಾಯಾಲಯ ತೂಗಿ ನೋಡುತ್ತದೆ. ಸಂಸಾರಕ್ಕಾಗಿ ನೀವು ಬಿಟ್ಟುಕೊಟ್ಟ ಉದ್ಯೋಗವೂ ಆ ಲೆಕ್ಕಕ್ಕೆ ಬರುತ್ತದೆ, ಮತ್ತು ನಿಮ್ಮ ಪ್ರಕರಣದಲ್ಲಿ ಅದೇ ಮುಖ್ಯ ಎಂದು ನನಗೆ ಅನ್ನಿಸುತ್ತದೆ.

2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನೀಡಿದ ಮಾರ್ಗಸೂಚಿಯಂತೆ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ವಿವರವನ್ನು ಪ್ರಮಾಣಪತ್ರದಲ್ಲಿ (ಅಫಿಡವಿಟ್) ಸಲ್ಲಿಸಬೇಕು. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕುವುದರಿಂದ ತಡಮಾಡಿದಷ್ಟೂ ನಷ್ಟ ನಿಮ್ಮದೇ. ನಿಮ್ಮ ರಾಜೀನಾಮೆ ಪತ್ರ, ಮಕ್ಕಳ ಶುಲ್ಕದ ರಸೀದಿಗಳು, ಮನೆಖರ್ಚು ತೋರಿಸುವ ಬ್ಯಾಂಕ್ ದಾಖಲೆಗಳನ್ನು ಈಗಲೇ ಒಟ್ಟುಗೂಡಿಸಿಕೊಳ್ಳಿ. ವಕೀಲರ ಶುಲ್ಕ ಕಷ್ಟವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ; 1987ರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ದೊರೆಯುತ್ತದೆ.